ಹಳದಿ ಎರಡು, ಕೆಂಪು ಎರಡು

ಬ್ರಿಜ್‌ಪೋರ್ಟಿನ ರೈಲುಹಳಿಯ ಪಕ್ಕ, ಮೂರನೆಯ ಮಹಡಿ.
ಹದಿನೆಂಟು ಹೆಂಗಸರು, ಹದಿನೆಂಟು ಓರೆ ಮೇಜು,
ಹಾಲುಗಾಜಿನ ಕೆಳಗೆ ದೀಪ.
ಒಂದೊಂದು ಪುಟಕ್ಕೆ ಒಂಬತ್ತು ತೆಳುಹಾಳೆ:
ಹಳದಿಗೆ ಮೂರು, ಕೆಂಪಿಗೆ ಮೂರು, ನೀಲಿಗೆ ಮೂರು.
ಕುಂಚದಲ್ಲಿ ಮಾತ್ರ ಯಾವಾಗಲೂ ಒಂದೇ ಬಣ್ಣ, ಕೆಮ್ಮಣ್ಣು.
ಕಂಚುಗಣ್ಣನ ನೀಲಿ ಮೇಲಂಗಿಯನ್ನು
ಏಳು ವರ್ಷ ಬಳಿದಿದ್ದೇನೆ,
ನನ್ನ ಮೇಜಿನ ಮೇಲೆ ಒಮ್ಮೆಯೂ ಅದು ನೀಲಿಯಾಗಿರಲಿಲ್ಲ.
ನೀಲಿಯಾಗುವುದು ದೂರದ ಇಲಿನಾಯ್ಸಿನ ಅಚ್ಚುಮನೆಯಲ್ಲಿ,
ನಾನು ಕಾಣದ ಗಂಡಸರ ಕೈಯಲ್ಲಿ.

ನಾನು ಇಲೋನ್ಕಾ ಸಬದೋಶ್.
ಹಾಜರಿ ಚೀಟಿಯಲ್ಲಿ ಹೆಲೆನ್.
ಮೇಲ್ವಿಚಾರಕಿ ಮಿಸೆಸ್ ಡನ್‌ಲೀವಿಯ ನಾಲಿಗೆ
ಮೊದಲ ದಿನ ಎರಡು ಸಲ ಎಡವಿತು,
ಮೂರನೆಯ ಸಲ ನನ್ನ ಹೆಸರೇ ಬದಲಾಯಿತು.
ಕಂಚುಗಣ್ಣನಿಗೂ ಎರಡು ಹೆಸರು.
ಹಗಲು ವಿಮಾ ಕಚೇರಿಯ ಗುಮಾಸ್ತ ಮಾರ್ಟಿನ್ ಫೆಲ್,
ಸಂಜೆ ಟೈ ಬಿಚ್ಚಿದರೆ ಊರೇ ತಲೆಯೆತ್ತಿ ನೋಡುತ್ತದೆ.
ನಾನು ಸಂಜೆ ಏಪ್ರನ್ ಬಿಚ್ಚಿದರೆ
ಬಾಸ್ಟ್‌ವಿಕ್ ಅವೆನ್ಯೂ ತನಕ ಬಸ್ಸಿನಲ್ಲಿ ನಿಂತೇ.
ಗುಟ್ಟಿನ ಹೆಸರಿದ್ದವರೆಲ್ಲ ಹಾರುವುದಿಲ್ಲ.

ಮೈಬಣ್ಣಕ್ಕೊಂದು ಸಂಖ್ಯೆಯಿದೆ: ಹಳದಿ ಎರಡು, ಕೆಂಪು ಎರಡು.
ಕಂಚುಗಣ್ಣನ ಗದ್ದಕ್ಕೆ ಅದೇ. ಅವನ ಪ್ರೇಯಸಿಯ ಹೆಗಲಿಗೆ ಅದೇ.
ಬ್ಯಾಂಕಿನೊಳಗೆ ಕೈಯೆತ್ತಿ ನಿಂತ ಗುಂಪಿಗೆಲ್ಲ ಅದೇ.
ಬ್ಯಾರನ್ ಝೋರ್ಕಾನಿಗೆ ಮಾತ್ರ ಹಸಿರು.
ಭೂಪಟದಲ್ಲಿಲ್ಲದ ಯಾವುದೋ ಪೂರ್ವದೇಶದವನು,
ಮಾತಿನ ಗುಳ್ಳೆಯೊಳಗೆ ಅವನ ಇಂಗ್ಲಿಷು
ನನ್ನ ಇಂಗ್ಲಿಷಿನ ಹಾಗೇ ಕುಂಟುತ್ತದೆ.
ಪಕ್ಕದ ಮೇಜಿನ ಗ್ರಾಸಿಯೆಲಾ ಗಟ್ಟಿಯಾಗಿ ಓದಿ ನಕ್ಕವಳು
ನನ್ನ ಮುಖ ನೋಡಿ ನಿಲ್ಲಿಸಿದಳು.

ಕಂಚುಗಣ್ಣನ ಕಾರಣ ನನಗೆ ಬಾಯಿಪಾಠ.
ಮೊದಲ ಸಂಚಿಕೆ, ನಾಲ್ಕನೆಯ ಪುಟ:
ಮಳೆ, ಗುಂಡು, ಚರಂಡಿಯಲ್ಲಿ ಅಪ್ಪನ ಟೋಪಿ.
ವರ್ಷಕ್ಕೊಮ್ಮೆ ಅದನ್ನೇ ಮತ್ತೆ ಬಿಡಿಸುತ್ತಾರೆ,
ಟೋಪಿಗೆ ಮತ್ತೆ ನಾನೇ ಬಳಿಯುತ್ತೇನೆ.
ಝೋರ್ಕಾನಿಗೆ ಯಾರೂ ನಾಲ್ಕನೆಯ ಪುಟ ಕೊಟ್ಟಿಲ್ಲ.
ಅವನು ಹುಟ್ಟಿದ್ದೇ ನಗುತ್ತ.

ನನ್ನಪ್ಪನ ಟೋಪಿ ಬಿದ್ದದ್ದು
ನವೆಂಬರಿನಲ್ಲಿ, ಬ್ರೆಡ್ಡಿನ ಸಾಲಿನಲ್ಲಿ.
ಗುಂಡು ಯಾವ ಕಿಟಕಿಯದೋ.
ಅದರಿಂದ ನನಗೆ ಹಾರಲು ಬರಲಿಲ್ಲ.
ಗಡಿಯ ಜೌಗಿನಲ್ಲಿ ಮೊಣಕಾಲುದ್ದ ಕೆಸರು ತುಳಿಯಲು ಬಂತು,
ಐದು ವರ್ಷದ ತಮ್ಮನ ಬಾಯನ್ನು ಅಂಗೈಯಲ್ಲಿ ಒತ್ತಿ ಹಿಡಿದು.
ಅವನಿಗೀಗ ಹನ್ನೆರಡು. ಸಂಚಿಕೆ ಮಡಿಲಲ್ಲಿಟ್ಟುಕೊಂಡು ಕೇಳುತ್ತಾನೆ:
ಅಕ್ಕಾ, ಸೇಡು ತೀರಿಸಬೇಕು ಅನ್ನಿಸಲಿಲ್ಲವಾ?
ಅನ್ನಿಸಿತು.
ಆದರೆ ಬೆಳಗಾದರೆ ಬಾಡಿಗೆ.

ಆ ತಿಂಗಳು, ಇಪ್ಪತ್ತೆರಡನೆಯ ಪುಟ, ಕೊನೆಯ ಚೌಕ.
ಸೆರೆಮನೆಯ ಸರಳ ಹಿಂದೆ ಝೋರ್ಕಾ,
ಮುಖ ನನ್ನ ಹೆಬ್ಬೆರಳಿನ ಉಗುರಿನಷ್ಟು.
ಅಂಚಿನಲ್ಲಿ ಪೆನ್ಸಿಲಿನ ಅಪ್ಪಣೆ: ಹಳದಿ ಪೂರ್ತಿ, ನೀಲಿ ಎರಡು.
ನೀಲಿಯ ಹಾಳೆಯಲ್ಲಿ ಉಗುರಿನಷ್ಟು ಜಾಗ ಖಾಲಿ ಬಿಟ್ಟೆ.
ಹಳದಿಯನ್ನು ಇಳಿಸಿದೆ. ಕೆಂಪಿನಲ್ಲಿ ಒಂದು ಅದ್ದು.
ಹಾಳೆಯ ಮೇಲೆ ಎಲ್ಲವೂ ಕೆಮ್ಮಣ್ಣೇ ತಾನೆ,
ಡನ್‌ಲೀವಿ ದೀಪಕ್ಕೆ ಹಿಡಿದು ನೋಡಿ
ಹಾಗೇ ಸಹಿ ಹಾಕಿದಳು.

ಸ್ಟೇಟ್ ಸ್ಟ್ರೀಟಿನ ಔಷಧಿ ಅಂಗಡಿ,
ಕಿರ್ರೆಂದು ತಿರುಗುವ ತಂತಿಯ ಸ್ಟ್ಯಾಂಡು, ಹನ್ನೆರಡು ಸೆಂಟು.
ನಿಂತಲ್ಲೇ ಕೊನೆಯ ಪುಟ ತೆರೆದೆ.
ಅಚ್ಚು ಜಾರಿತ್ತು. ಕೆಂಪು ಗೆರೆ ದಾಟಿ ಸರಳಿಗೂ ಹತ್ತಿತ್ತು.
ಆದರೂ ಅಲ್ಲೊಂದು ಮುಖವಿತ್ತು,
ಚಳಿಗೆ ಕೆಂಪಾದ, ಕ್ಷೌರ ಬಾಕಿಯಿದ್ದ, ತೀರ ಸಾಧಾರಣ ಮುಖ.
ಅಪ್ಪನ ಹಾಗಿತ್ತು ಎಂದರೆ ಸುಳ್ಳಾದೀತು.
ಬ್ರೆಡ್ಡಿನ ಸಾಲಿನಲ್ಲಿ ಅಪ್ಪನ ಹಿಂದೆ
ನಿಂತಿದ್ದವನ ಹಾಗೆ, ಇರಬಹುದು.

ಲಕ್ಷ ಹುಡುಗರ ಹಾಸಿಗೆಯಡಿ ಆ ಪುಟವಿದೆ.
ಒಬ್ಬನೂ ಪತ್ರ ಬರೆಯಲಿಲ್ಲ.
ಅಷ್ಟರಲ್ಲಿ ಝೋರ್ಕಾ ಇನ್ನೆರಡು ಸಲ ಗೋಡೆ ಒಡೆದು ಬಂದಿದ್ದ,
ಹಸಿರಾಗಿ, ನಗುತ್ತ; ಬಳಿದವಳು ಗ್ರಾಸಿಯೆಲಾ.
ಊಟದ ಗಂಟೆಗೆ ಮೊದಲು ಅವಳು ನನ್ನ ಕಡೆ ಬಾಗಿ,
ಕುಂಚ ನೀರಿನಲ್ಲಿ ಅಲುಗಿಸುತ್ತ ಕೇಳಿದಳು:
ಅದೇನು ಹೆಸರು ಹೇಳಿದ್ದೆ, ನಿನ್ನದು, ಆವತ್ತು?
ಹೇಳಿದೆ. ತಪ್ಪಾಗಿ ಅಂದಳು.
ಮತ್ತೆ ಹೇಳಿದೆ.