ಮೂವತ್ತು ಕುರ್ಚಿ

ರೂವಿಯ ಕೆಫೆಟೇರಿಯಾ, ಹಿಂಬದಿಯ ಮೇಜು.
ಗುರುವಾರ ರಾತ್ರಿ ಹತ್ತಕ್ಕೂ ಹೊರಗೆ ಮೂವತ್ತೊಂಬತ್ತು ಡಿಗ್ರಿ,
ಒಳಗೆ ಏಸಿಯ ಹನಿಗೆ ಯಾರೋ ಬಕೆಟ್ ಒಡ್ಡಿದ್ದಾರೆ.
ನಾವು ಐವರು, ನಾಲ್ಕು ಕರಕ್ ಚಹಾ;
ಜೆಸಿಂತಾಳಿಗೆ ಸಕ್ಕರೆ ಕಾಯಿಲೆ, ಬರೀ ಬಿಸಿನೀರು.

ತೀರ್ಮಾನಿಸಬೇಕಾದ್ದು ಇಷ್ಟೇ:
ಕಡಲ ನೀರನ್ನು ಸಿಹಿ ಮಾಡುವ ಸ್ಥಾವರಗಳಲ್ಲಿ
ಪಂಪುಗಳ ನಾಡಿ ಹಿಡಿದು ನೋಡುವ ನಮ್ಮ ಪುಟ್ಟ ಸಾಫ್ಟ್‌ವೇರು,
ಅದನ್ನು ಬಳಸುವವರ ಸಮಾವೇಶ
ಈ ನವೆಂಬರಿಗೂ ಮಾಡುವುದೋ, ಕೈಬಿಡುವುದೋ.

ಲೆಕ್ಕ ನನ್ನ ಬಳಿ. ಮೊದಲ ವರ್ಷ ನಲವತ್ತೊಂದು
(ಏಳು ಮಂದಿ ಬಿರಿಯಾನಿಗೆ ಬಂದವರು),
ಮರುವರ್ಷ ಇಪ್ಪತ್ತೊಂಬತ್ತು.
ಮೂವತ್ತು ಕುರ್ಚಿ ತುಂಬಿದರೆ ಅಲ್ಲಿಂದಲ್ಲಿಗೆ ಸರಿ,
ಕಡಿಮೆಯಾದರೆ ನಮ್ಮ ಜೇಬು.

ಧನಕೀರ್ತಿ ಅಡ್ಡಗೋಡೆಯ ಮೇಲೆ ದೀಪ ಇಡುವವನಲ್ಲ.
ಬೇಡ ಎಂದ, ಚಹಾ ಬರುವ ಮುಂಚೆಯೇ.
"ಹಾಸಿಗೆಯೇ ಬಾಡಿಗೆಯದು ಮಾರಾಯ, ಕಾಲು ಎಲ್ಲಿ ಚಾಚುವುದು?"

ಭಟ್ಕಳದ ಮುಸದ್ದಿಕ್ ಸಾಹೇಬರು ಹಾಳೆ ಎಳೆದುಕೊಂಡು
ಶಾಲೆಯ ಹಾಜರಿಯಂತೆ ಹೆಸರು ಕರೆದರು.
ಸೋಹಾರಿನ ಲೋಕನಾಥ ಕುಲಾಲ: ವೀಸಾ ರದ್ದು, ಮಾರ್ಚಿನಲ್ಲೇ ಹೋದ.
ಸೂರಿನ ಅಣ್ಣತಮ್ಮಂದಿರು: ಕಂಪನಿ ಕೈಬದಲಾಯಿತು,
ಹೊಸ ಯಜಮಾನರಿಗೆ ದುಬಾರಿಯದ್ದೇ ಬೇಕಂತೆ.
ರೊವೆನಾ ಮನಿಲಾಕ್ಕೆ.
ಬರ್ಕಾದ ಬ್ಯಾರಿ ಹುಡುಗ ಇದ್ದಾನೆ, ಆದರೆ ಶಿಫ್ಟು.
ಪ್ರತಿ ಹೆಸರಿಗೂ ಬೆರಳು ಮೇಜನ್ನು ಒಮ್ಮೆ ತಟ್ಟುತ್ತಿತ್ತು,
ಇರುವವರಿಗೂ ಇಲ್ಲದವರಿಗೂ ಅದೇ ಸದ್ದು.

"ಸೋತದ್ದು ಸಾಫ್ಟ್‌ವೇರಲ್ಲ," ಜೆಸಿಂತಾ ಅಂದಳು,
"ಈ ಊರಲ್ಲಿ ಯಾವ ಪಟ್ಟಿ ಎರಡು ವರ್ಷ ಬಾಳಿದೆ, ಹೇಳಿ."

ಬೇಡ ಅನ್ನುವುದು ನನ್ನ ನಾಲಿಗೆಯ ತುದಿಯಲ್ಲೂ ಇತ್ತು.
ಆಗ ನೆನಪಾದದ್ದು ಭಾಷಣಗಳಲ್ಲ,
ಅವು ಮಾಡಿದ ನನಗೇ ಮರೆತಿವೆ.
ಮಸೀರಾ ದ್ವೀಪದಿಂದ ಬಂದಿದ್ದ ಆ ಮಾತಿಲ್ಲದ ಮನುಷ್ಯ.
ಫೆರ್ರಿ ಹತ್ತಿ, ಇಳಿದು, ಐದು ಗಂಟೆ ಕಾರು ಓಡಿಸಿ ಬಂದವನು
ಊಟದ ಸಾಲಿನಲ್ಲಿ ತಟ್ಟೆ ಹಿಡಿದುಕೊಂಡೇ ಕೇಳಿದ:
"ನಡುರಾತ್ರಿ ನಿಮ್ಮಲ್ಲೂ ಮೂರನೇ ಪಂಪು ಸುಳ್ಳು ಹೇಳುತ್ತದೆಯೇ?"
ಮುಂದೆ ನಿಂತವನು ತಿರುಗಿ, "ನಿನ್ನಲ್ಲೂ?" ಅಂದ.
ಅನ್ನ ಆರಿತು. ಇಬ್ಬರೂ ನೆಲದ ಮೇಲೆ ಕೂತು ಲ್ಯಾಪ್‌ಟಾಪು ಬಿಚ್ಚಿದರು.
ಎರಡು ವರ್ಷ ಅವನು ಅದು ತನ್ನದೇ ತಪ್ಪು ಅಂದುಕೊಂಡಿದ್ದನಂತೆ.

ಇದನ್ನು ಜಮೆಯಲ್ಲಿ ಬರೆಯಲೋ, ಖರ್ಚಿನಲ್ಲೋ?

ನಾನೊಂದು ಹೇಳಿರಲಿಲ್ಲ. ನನ್ನ ರೆಸಿಡೆನ್ಸಿ ಕಾರ್ಡು
ಅಕ್ಟೋಬರಿಗೆ ಮುಗಿಯುತ್ತದೆ; ನವೀಕರಣದ ಕಾಗದ
ಆಫೀಸಿನ ಯಾವ ಮೇಜಿನ ಮೇಲೆ, ಯಾವ ಕಪ್ಪಿನ ಕೆಳಗಿದೆಯೋ.
ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಅರ್ಧ ಎಂದು ಬರೆದೆ.
ಮುಸದ್ದಿಕ್ ಸಾಹೇಬರು ನೋಡಿದರು. ಏನೂ ಕೇಳದೆ
ಪೆನ್ನು ತೆಗೆದುಕೊಂಡು ತಮ್ಮ ಹೆಸರಿಗೂ ಅರ್ಧ ಹಾಕಿದರು.
ಎರಡೂ ಸೇರಿ ಒಂದು.
ಒಟ್ಟು ಇಪ್ಪತ್ತೆರಡು.

ಅಲ್ಲಿಯವರೆಗೆ ಮೊಬೈಲು ಉಜ್ಜುತ್ತಿದ್ದ ಸಾಲಿಮ್ ಬಲೂಶಿ
ತನ್ನ ರೂವಿ ಹಿಂದಿಯಲ್ಲಿ ಕೇಳಿದ, ಮುಂಗಡ ಯಾರ ಹೆಸರಲ್ಲಿ?
ತಾನೇ ಹೇಳಿದ: "ನನ್ನ ಹೆಸರಲ್ಲಿ ಕಟ್ಟಿ.
ಈ ಮೇಜಿನಲ್ಲಿ ಎಲ್ಲಿಗೂ ಹೋಗದವನು ನಾನೊಬ್ಬನೇ."
ನಾವು ನಕ್ಕೆವು. ಅವನು ನಗಲಿಲ್ಲ.

ಮೂವತ್ತು ರಿಯಾಲ್. ಮರಳಿ ಕೊಡಲಾಗುವುದಿಲ್ಲ ಎಂದು
ರಸೀದಿಯ ಅಡಿಯಲ್ಲಿ ಎರಡು ಭಾಷೆಯಲ್ಲಿ ಇರುತ್ತದೆ, ಗೊತ್ತು.

ಹೊರಗೆ ಪಾರ್ಕಿಂಗಿನಲ್ಲಿ ಧನಕೀರ್ತಿ,
ಇಡೀ ರಾತ್ರಿ ಬೇಡವೆಂದೇ ವಾದಿಸಿದವನು,
ಬಿರಿಯಾನಿಯವನ ಹತ್ತಿರ ಫೋನಿನಲ್ಲಿ ಕಾದಾಡುತ್ತಿದ್ದ:
ಇಪ್ಪತ್ತೆರಡು ತಟ್ಟೆಗೂ ಮೂವತ್ತರ ದರವೇ ಹಾಕಬೇಕು,
ಇಲ್ಲವಾದರೆ ಮುಂದಿನ ವರ್ಷ ಬೇರೆಯವರನ್ನು ನೋಡುತ್ತೇವೆ ಅಂತ.