ಆವರಣದೊಳಗಿನ ಸದ್ದು

ತುರ್ಕು ಊರಿನ ಹಡಗುಕಟ್ಟೆಯಲ್ಲಿ
ಮೂವತ್ತೊಂದು ವರ್ಷ ಉಕ್ಕಿನ ತಗಡು ಬಡಿದು
ಎರಡೂ ಕಿವಿ ಅಲ್ಲೇ ಬಿಟ್ಟು ಬಂದವನು, ತೈಸ್ತೊ,
ಪ್ಲಾಸ್ಟಿಕ್ ಚೀಲದಲ್ಲಿ ಹನ್ನೊಂದು ವಿಡಿಯೋ ಕ್ಯಾಸೆಟ್ಟು ತಂದು
ನನ್ನ ಮೇಜಿನ ಮೇಲೆ ಸುರಿದ.
ಚೀಟಿಯಲ್ಲಿ ಬರೆದ:
"ಚಿತ್ರ ಎಲ್ಲ ನೋಡಿದ್ದೇನೆ. ಮಾತು ಬೇಕು."

ಕೆಲಸ ನನಗೆ ಹೊಸದಲ್ಲ.
ಸಂಸತ್ತಿನ ಜಗಳ, ರೈ ರೊಟ್ಟಿಯ ಪಾಠ,
ತೋಳದ ಕೂಗು, ಹವಾಮಾನ
ಎಲ್ಲಕ್ಕೂ ಅಡಿಬರಹ ಕೊಟ್ಟಿದ್ದೇನೆ.
ಎರಡು ಸಾಲು, ಸಾಲಿಗೆ ಮೂವತ್ತೇಳು ಅಕ್ಷರ,
ಕಣ್ಣು ಓದಿ ಮುಗಿಸಿ ಮತ್ತೆ ಮುಖಕ್ಕೆ ಮರಳುವಷ್ಟು ಹೊತ್ತು.
ಕಮ್ಮಿಯಾದರೆ ಮಾತು ಓಡಿಹೋಗುತ್ತದೆ.
ಹೆಚ್ಚಾದರೆ
ಹೋದ ನೆಂಟರು ಮರೆತ ಚಪ್ಪಲಿಯಂತೆ
ಬಾಗಿಲಲ್ಲೇ ಬಿದ್ದಿರುತ್ತದೆ.

ಮೊದಲು ಯಂತ್ರಕ್ಕೆ ಕೊಟ್ಟೆ.
ನಮ್ಮ ಭಾಷೆಯ ಹ್ರಸ್ವ ದೀರ್ಘ ಅದಕ್ಕೆ ದಕ್ಕುವುದಿಲ್ಲ.
ತೂಲಿ ಅಂದರೆ ಗಾಳಿ, ತುಲಿ ಅಂದರೆ ಬೆಂಕಿ.
ದಕ್ಕೆಯ ಮೇಲೆ ಹೆಂಗಸೊಬ್ಬಳು ತಲೆವಸ್ತ್ರ ಹಿಡಿದುಕೊಂಡು
"ಗಾಳಿ ಬರ್ತಿದೆ, ದೋಣಿ ಒಳಗೆ ಎಳಿ" ಅಂದರೆ
ಯಂತ್ರ ಬರೆಯಿತು: ಬೆಂಕಿ ಬರುತ್ತಿದೆ.
ಒಂದು ದೀರ್ಘ ನುಂಗಿ
ಇಡೀ ನಡುಗಡ್ಡೆಗೆ ಕಿಚ್ಚಿಟ್ಟಿತು.
ಅಳಿಸಿದೆ. ನಾನೇ ಕೂತೆ.

ಲೆಂಪಿ, ಆ ಹೆಂಗಸು, ಕ್ಯಾಮೆರಾಕ್ಕೆ ಮುಖ ಕೊಟ್ಟಾಗ
ತುಟಿ ಅಗಲಿಸಿ ಬಿಡಿಬಿಡಿಯಾಗಿ ಆಡುತ್ತಾಳೆ,
ಹಿಂದೆ ನಿಂತ ಗಂಡ ಓದಿಕೊಳ್ಳಲೆಂದು:
ಕಾಫಿ. ಬಿಸಿ. ಬಾ.
ಬೆನ್ನು ತಿರುಗಿಸಿದಳೋ, ಬೇರೆಯೇ ಹೆಂಗಸು.
ಸೌನಾದ ಒಲೆಗೆ ಸೌದೆ ಒಟ್ಟುತ್ತ ಒಲೆಯನ್ನು ಬೈಯುತ್ತಾಳೆ,
ನಾದಿನಿಯನ್ನು ಬೈಯುತ್ತಾಳೆ,
ಆಲೂಗಡ್ಡೆ ಎಣಿಸಿ, ಲೆಕ್ಕ ತಪ್ಪಿ, ನಗುತ್ತಾಳೆ.
ಏಳನೆಯ ಕ್ಯಾಸೆಟ್ಟಿನಲ್ಲಿ, ಮೀನಿನ ಹುರುಪೆ ಕೆರೆಯುತ್ತ:
"ಕೂಗಿ ಕೂಗಿ ನನ್ನ ದನಿಯೇ ಒರಟಾಯ್ತು.
ಬಿಟ್ಟು ಹೋಗೋಣ ಅಂತ
ಒಂದು ಸಲ ಬಸ್ಸಿನವರೆಗೂ ಹೋಗಿದ್ದೆ."

ಬರೆಯಲೇ?

ಅವಳು ಹೇಳಿದ್ದು ಮೀನಿಗೆ.
ಕ್ಯಾಮೆರಾಕ್ಕೂ ಕಿವಿಯಿದೆ ಎಂಬುದು
ಮರೆತಿತ್ತೋ, ನೆನಪಿದ್ದೇ ಆಡಿದಳೋ.
ಆ ಸಂಜೆ ಔರಾ ನದಿಯ ದಂಡೆಯಲ್ಲಿ ಎರಡು ಸಲ ಅಡ್ಡಾಡಿದೆ.
ಕಿವಿಯಿದ್ದವರೆಲ್ಲ ಕೇಳಬಹುದಾದ ಮಾತನ್ನು
ಅವನೊಬ್ಬನಿಗೆ ಮಾತ್ರ ಸೋಸಿ ಬಡಿಸಲು
ನಾನೇನು ಅವನ ಅತ್ತೆಯೇ?
ಬರೆದೆ. 'ಬಸ್ಸಿನವರೆಗೂ' ಎಂಬುದನ್ನು
ಎರಡು ಸಾಲಿಗೆ ಒಡೆಯದಂತೆ ನೋಡಿಕೊಂಡೆ.

ಇನ್ನೊಂದು ಸದ್ದಿತ್ತು, ಎಲ್ಲ ಕ್ಯಾಸೆಟ್ಟಿನಲ್ಲೂ,
ಗಾಳಿಗಿಂತ ಹತ್ತಿರ, ಅವಳಿಗಿಂತ ಹತ್ತಿರ.
ಮೋಟಾರು ಅಂದುಕೊಂಡೆ. ಸವೆದ ಟೇಪು ಅಂದುಕೊಂಡೆ.
ಹೆಡ್‌ಫೋನು ಒತ್ತಿ ಹಿಡಿದಾಗ ತಿಳಿಯಿತು:
ಮೂಗಿನಲ್ಲಿ, ಎರಡೇ ಸ್ವರದಲ್ಲಿ,
ಗಾಣದೆತ್ತಿನಂತೆ ಸುತ್ತಿ ಸುತ್ತಿ ಅಲ್ಲಿಗೇ ಬರುವ ರಾಗ.
ಲೆಂಪಿ ತಿರುಗದೆಯೇ, ಮೀನಿಗೆ: "ಮತ್ತೆ ಶುರು ಮಾಡಿದ."
ಆಮೇಲೆ ಅವಳ ಚಾಕು
ಆ ರಾಗಕ್ಕೆ ಸರಿಯಾಗಿ ಕೆರೆಯತೊಡಗುತ್ತದೆ.
ಅದಕ್ಕೆ ನನ್ನಲ್ಲಿ ಅಕ್ಷರ ಸಾಲಲಿಲ್ಲ.
ಆವರಣದೊಳಗೆ ಇಷ್ಟೇ ಹಾಕಿದೆ: [ಗುನುಗು]

ಫೆಬ್ರವರಿಯಲ್ಲಿ ಬಂದ. ಬೂಟಿನ ಹಿಮ ಕರಗಿ
ಕುರ್ಚಿಯ ಕೆಳಗೆ ಕೊಚ್ಚೆಯಾಯಿತು, ಅವನು ಅಲ್ಲಾಡಲಿಲ್ಲ.
ಬಸ್ಸಿನ ಮಾತು ಬಂತು, ಹೋಯಿತು.
ಹಳೆಯ ಸಾಲಕ್ಕೆ ಕೊನೆಗೂ ರಸೀತಿ ಸಿಕ್ಕವನಂತೆ
ತಲೆಯಾಡಿಸಿದ, ಅಷ್ಟೇ.
ಚೀಟಿ ಎಳೆದುಕೊಂಡು ಬರೆದ:
"ನನ್ನ ತಂಗಿಯ ಹೆಸರು ಸಿರ್ಕ್ಕ.
ಒಂದು ಒತ್ತು ಬಿಟ್ಟಿದ್ದೀರಿ."
ಯಂತ್ರವನ್ನು ಬೈದ ಬಾಯಿ ಮುಚ್ಚಿಕೊಂಡು ತಿದ್ದಿದೆ.

ಮುಂದೆ ಹೋದೆವು.
ಆವರಣ ಬಂದಾಗ ಕೈಯೆತ್ತಿ ನಿಲ್ಲಿಸಿದ.
ಪರದೆಗೆ ಬೆರಳಿಟ್ಟ. ಆವತ್ತು ಮೊದಲ ಸಲ
ಬಾಯಿಬಿಟ್ಟು, ಕೋಣೆಗೆ ಮೀರಿದ ದನಿಯಲ್ಲಿ ಕೇಳಿದ:
"ಯಾರು?"

ನಾನು ಅವನತ್ತ ಬೆರಳು ತೋರಿಸಿದೆ.

ಅವನು ತಿರುಗಿ
ತನ್ನ ಹಿಂದೆ ನೋಡಿದ.