ಎಡಕ್ಕೆ ತಿರುಗಿದರೆ

ಎಡಕ್ಕೆ ತಿರುಗಿದರೆ ಮಾತ್ರ ಸಾಯುತ್ತದೆ.
ನೇರ ರಸ್ತೆಯಲ್ಲಿ ಬಂಗಾರದಂಥ ಗಾಡಿ.
ಬಲಕ್ಕೆ ಎಷ್ಟು ಸುತ್ತಿದರೂ ಗೊಣಗುವುದಿಲ್ಲ.
ಅಂಗಡಿಯ ಹಿಂದಿನ ಗಲ್ಲಿಯಿಂದ ಆರ್ಮ್‌ಸ್ಟ್ರಾಂಗ್ ಸ್ಟ್ರೀಟಿಗೆ
ಹ್ಯಾಂಡಲನ್ನು ಪೂರ್ತಿ ಎಡಕ್ಕೆ ಎಳೆದೆನೋ,
ಕೆಮ್ಮಿಲ್ಲ, ಬಿಕ್ಕಳಿಕೆ ಇಲ್ಲ,
ಯಾರೋ ಊದಿ ಆರಿಸಿದ ಹಾಗೆ.
ಹಿಂದೆ ಹಾಲಿನ ಲಾರಿ. ಕೆಳಗೆ ನೂರಾ ಎಪ್ಪತ್ತು ಕಿಲೋ.
ಬಲ್ಲರಾಟಿನ ಜುಲೈ ಚಳಿಯಲ್ಲೂ ಬೆನ್ನು ಒದ್ದೆ.

ಕೊಂಡ ದಿನ ಗ್ರೇಡನ್ ಎರಡೂ ಕೈಯಿಂದ ನನ್ನ ಕೈ ಹಿಡಿದಿದ್ದ.
ಐವತ್ತೆರಡಕ್ಕೆ ಮೊದಲ ಬೈಕು ಎಂದು ಎಲ್ಲರನ್ನೂ ಕೂಗಿ ಕರೆದ.
ಕಾಫಿ, ಶುಂಠಿ ಬಿಸ್ಕತ್ತು, ಒಂದು ಫೋಟೋ.
ಆ ಫೋಟೋ ಶೋರೂಮಿನ ಗೋಡೆಯ ಮೇಲೆ ಈಗಲೂ ನಗುತ್ತಿದೆ.
ಅದರ ಕೆಳಗೇ ಕಾಯುವವರ ಕುರ್ಚಿ.
ನಾನು ಕೂತು ನನ್ನನ್ನು ನೋಡುತ್ತೇನೆ.

ಮೊದಲ ಸಲ ಒಂಬತ್ತು ದಿನ ಇಟ್ಟುಕೊಂಡರು.
ಕಾಗದ ಬಂತು: ದೋಷ ಕಂಡುಬಂದಿಲ್ಲ.
ಎರಡನೆಯ ಸಲ ಸರ್ವಿಸ್ ಮೇಜಿನ ಲೈಲ್
ಪಟ್ಟಣಶೆಟ್ಟಿಯನ್ನು ಪಟ್ಟನ್ ಎಂದು ಕತ್ತರಿಸಿ,
ಕಂಪ್ಯೂಟರಿನಿಂದ ಕಣ್ಣು ತೆಗೆಯದೆ,
'ಕ್ಲಚ್ಚು ರೂಢಿಯಾಗಲಿ, ಲವ್' ಎಂದ.
ಮೂವತ್ತು ವರ್ಷ ಹೊಲಿಗೆಯಂತ್ರದ ಕಾಲುಮಣೆ ತುಳಿದ ಪಾದಕ್ಕೆ,
ಅರ್ಧ ಟಾಕಿನಲ್ಲಿ ಚಕ್ರ ನಿಲ್ಲಿಸಬಲ್ಲ ಕೈಗೆ
ರೂಢಿಯಾಗಬೇಕಂತೆ.

ಮೂರನೆಯ ಸಲ ಕೊಡುವ ಮುಂಚೆ
ಮೀಟರು ನೋಡಿ ಅಂಗೈಯಲ್ಲಿ ಬರೆದುಕೊಂಡೆ.
ಸಾವಿರದ ಇನ್ನೂರ ಹದಿನಾಲ್ಕು.
ಆರು ದಿನದ ಮೇಲೆ ಕಾಗದ:
ಹದಿನೆಂಟು ಕಿಲೋಮೀಟರು ಓಡಿಸಿ ನೋಡಲಾಗಿದೆ, ದೋಷ ಕಂಡುಬಂದಿಲ್ಲ.
ಮೀಟರಿನಲ್ಲಿ ಸಾವಿರದ ಇನ್ನೂರ ಹದಿನಾಲ್ಕು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುತ್ತಾರೆ.
ನಡುನೀರಿನಲ್ಲೇ ಅಂಬಿಗ ನನ್ನನ್ನು ಮರೆತರೆ?
ಅದಕ್ಕೆ ಬೆಟಗೇರಿಯಲ್ಲಿ ಗಾದೆ ಇರಲಿಲ್ಲ.

ಭಾನುವಾರ ಅಂಗಡಿಯ ದೀಪ ಬಿಚ್ಚಿ ತಂದು
ಶೆಡ್ಡಿನಲ್ಲಿ ಮಂಡಿಯೂರಿದೆ.
ಎಂಜಿನ್ನು ನನಗೆ ತಿಳಿಯದು.
ಎಳೆ ತಿಳಿಯುತ್ತದೆ.
ಹ್ಯಾಂಡಲಿನ ಕುತ್ತಿಗೆಯಲ್ಲಿ ವೈರುಗಳ ಕಟ್ಟು,
ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ಬಿಗಿದು.
ಎಡಕ್ಕೆ ತಿರುಗಿಸಿದರೆ ಕಂಕುಳಲ್ಲಿ ಎಳೆಯುವ ರವಿಕೆ.
ಹೊಲಿದವರು ಸಡಿಲ ಬಿಟ್ಟಿಲ್ಲ.
ಕೆಂಪು ಎಳೆಯೊಂದು ಸವೆದು ತಾಮ್ರ ಇಣುಕುತ್ತಿತ್ತು.

ಸೋಮವಾರ ಗಾಡಿಯನ್ನು ಮೇಜಿನ ಮುಂದಕ್ಕೇ ತಳ್ಳಿಕೊಂಡು ಹೋದೆ.
ಲೈಲ್ ಬಗ್ಗಿ ನೋಡಿದ. ಬಹಳ ಹೊತ್ತು.
ಆಮೇಲೆ, 'ನೀವೇ ಕೈ ಹಾಕಿದ್ದೀರಲ್ಲ, ವಾರಂಟಿ ಈಗ...'
'ಕಣ್ಣು ಹಾಕಿದ್ದೇನೆ' ಎಂದೆ.
'ಹದಿನೆಂಟು ಕಿಲೋಮೀಟರು ಯಾವ ಗಾಡಿ ಓಡಿಸಿದಿರಿ?'
ಅಂಗೈ ಚಾಚಿದೆ. ಅಂಕಿ ಎಂದೋ ತೊಳೆದು ಹೋಗಿತ್ತು,
ಅವನು ಓದಿದ.

ಒಳಗಿನಿಂದ ಕೋರಿ ಬಂದ, ಕೆಲಸ ಕಲಿಯುವ ಹುಡುಗ,
ಕಿವಿಯವರೆಗೆ ಗ್ರೀಸು.
ಯಾರನ್ನೂ ಕೇಳದೆ ಪಟ್ಟಿ ಕತ್ತರಿಸಿದ,
ಸವೆದ ಎಳೆ ತೆಗೆದು ಹೊಸದು ಕೂಡಿಸಿದ,
ಎರಡು ಬೆರಳು ಸಡಿಲ ಬಿಟ್ಟು ಮತ್ತೆ ಕಟ್ಟಿದ.
ನಲವತ್ತು ನಿಮಿಷ.
'ಹೊರಗೆ ಓಡಿಸಲು ನನಗೆ ಯಾರೂ ಹೇಳಿರಲಿಲ್ಲ'
ಎಂದ, ನೆಲ ನೋಡುತ್ತ.
ಅವನ ಜಾಕೆಟ್ಟಿನ ಜಿಪ್ಪು ಕಿತ್ತಿತ್ತು.
ಅಂಗಡಿಗೆ ತಾ ಎಂದೆ.

ಲೈಲ್ ಅಚ್ಚು ಹಾಕಿಕೊಟ್ಟ ಕಾಗದದಲ್ಲಿ
ಅಂದೂ ಅದೇ ಸಾಲು, ಅದೇ ಜಾಗದಲ್ಲಿ.
ಪೆನ್ನು ಕೇಳಿ 'ಇಲ್ಲ' ಎಂಬಷ್ಟನ್ನು ಹೊಡೆದು ಹಾಕಿದೆ,
ಎರಡು ಗೆರೆ, ಎರಡು ಪ್ರತಿಯ ಮೇಲೂ. ಸಹಿ ಹಾಕಿ ಎಂದೆ.
ಹಾಕಿದ.

ಹೊರಡುವಾಗ ಗೋಡೆಯಿಂದ ನನ್ನ ನಗು ಇಳಿಸಿಕೊಂಡೆ.
ಯಾರೂ ಯಾಕೆ ಎನ್ನಲಿಲ್ಲ. ಗ್ರೇಡನ್ ಇನ್ನೊಬ್ಬರ
ಕೈ ಹಿಡಿದಿದ್ದ, ಎರಡೂ ಕೈಯಿಂದ.

ಆ ಸಂಜೆ ಎಡಕ್ಕೆ, ಮತ್ತೆ ಎಡಕ್ಕೆ,
ಕೆಲಸವಿಲ್ಲದ ಬೀದಿಗಳಿಗೂ ಎಡಕ್ಕೆ ತಿರುಗಿದೆ.
ಗಾಡಿ ಸಾಯಲಿಲ್ಲ.
ಕಿವಿ ಮಾತ್ರ ಇನ್ನೂ
ಪ್ರತಿ ತಿರುವಿನಲ್ಲಿ ಉಸಿರು ಹಿಡಿದು ಕಾಯುತ್ತದೆ.